ಒಂದ ಹಾಡು ಆರಸ್ರಿ ಅಂದರ

ಮುಂದಿನ ತಿಂಗಳ ನಮ್ಮಣ್ಣನ ಅರವತ್ತರ ಶಾಂತಿ ಅದ. ಹುಬ್ಬಳ್ಳಿ ಒಳಗ ಒಂದ ಸಣ್ಣ ಕಾರ್ಯಾಲಯ ಹಿಡದೇವಿ, ಅಡಗಿಯವರಿಗೆ ಅಡ್ವಾನ್ಸ್ ಕೊಟ್ಟದ್ದಾತು, ಭಟ್ಟರು ಸಾಮಾನಿನ ಯಾದಿ ಬರಸಿದ್ದಾತು. ಇನ್ನೇನ ಎಲ್ಲಾ ಮುಗೀತು ಅಂತ ಹೋದ ರವಿವಾರ ಎಲ್ಲಾರೂ ಪಡಸಾಲಿ ಒಳಗ ಹಚ್ಚಿದ ಅವಲಕ್ಕಿ ತಿನಕೋತ ಕೂತಿದ್ದಿವಿ. ಅಷ್ಟರಾಗ ಅಣ್ಣನ ಮಗಾ ಲ್ಯಾಪ್‌ಟಾಪ್ ತಂದು ನಡುವ ಇಟ್ಟ. ಮಂದಿ ಊಟಕ್ಕ ಕೂಡೋಕಿಂತ ಮೊದಲ ಅವರಪ್ಪನ ಹಳೇ ಫೋಟೋ ಎಲ್ಲಾ ಜೋಡಿಸಿ ಐದ ನಿಮಿಷದ ಒಂದ ವಿಡಿಯೋ ತೋರಸ್ತಾನಂತ.

"ಕಾಕಾ, ಫೋಟೋ ಎಲ್ಲಾ ತಯಾರ ಅವ. ಹಿಂದ ಹಚ್ಚಲಿಕ್ಕೆ ಹಾಡ ಒಂದ ಬೇಕು. ಕನ್ನಡದಾಗ ಎಲ್ಲಾಕಿಂತಾ ಛಲೋ ಹಾಡು ಯಾವದು, ಒಂದ ಹೇಳ್ರಿ" ಅಂದ.

ಒಂದ ಹೇಳ್ರಿ ಅಂತ! ಹನ್ನೊಂದ ಮಂದಿ ಇರೋ ಮನ್ಯಾಗ! ನಮ್ಮಲ್ಲೆ ಮುಂಜಾನೆ ನಾಷ್ಟಾಕ್ಕ ಉಪ್ಪಿಟ್ಟೋ ಅವಲಕ್ಕಿಯೋ ಅನ್ನೋದ ಒಂದ ಮಾತಿಗೆ ಬಗಿಹರಿಯೂದಿಲ್ಲ, ಇನ್ನ ಹಾಡು ಬಗಿಹರೀತದೇನ್ರಿ?

ಮೊದಲ ಬಾಯಿ ತಗದವರು ನಮ್ಮ ಭಾವಾ. ಅವರು ರಾಜಕುಮಾರ್ ಅಂದರ ಜೀವಾ ಬಿಡೋ ಪೈಕಿ. "ಇದರಾಗ ವಿಚಾರ ಮಾಡೋದೇನದ? ಜೀವನ ಚೈತ್ರದ ನಾದಮಯ. ಅದನ್ನ ಹಾಡಿದ್ದಕ್ಕ ರಾಜಕುಮಾರ್‌ಗೆ ರಾಷ್ಟ್ರ ಪ್ರಶಸ್ತಿ ಬಂತು. ಮುಗೀತಲ್ಲ?" ಅಂದರು.

ನಮ್ಮ ವೈನಿ ತವರಮನಿ ಗದಗ. ಅವರು ಸುಮ್ನ ಬಿಡ್ತಾರ? "ಪ್ರಶಸ್ತಿ ಲೆಕ್ಕಾನ ಆದರ ನಮ್ಮ ಪಂಚಾಕ್ಷರಿ ಗವಾಯಿಗಳ ಪಿಕ್ಚರಿಗೆ ಹಾಡಿದ ಬಾಲಸುಬ್ರಹ್ಮಣ್ಯಂಗೂ ಬಂದದ, ಸಂಗೀತ ಕೊಟ್ಟ ಹಂಸಲೇಖಾಗೂ ಬಂದದ. ನಿಮ್ಮದ ಒಂದ, ನಮ್ಮದ ಎರಡ" ಅಂದರು, ಥೇಟ ಕಾಯಿಪಲ್ಯೆ ಸಂತಿ ಒಳಗ ಚೌಕಾಶಿ ಮಾಡಿದಂಗ.

ನನ್ನ ಹೆಂಡ್ತಿ ಒಳಗ ಚಹಾ ಸೋಸಕೋತ ಅಲ್ಲಿಂದನ ಒದರಿದಳು: "ರೀ, ಮುಂಗಾರು ಮಳೆ ಹಾಡು ಹೇಳ್ರಿ, ಜಯಂತ ಕಾಯ್ಕಿಣಿ ಬರದಿದ್ದು. ಗೋಕರ್ಣದವರು, ನಮ್ಮ ಕಡೆಯವರ." ಅಕಿ ತವರಮನಿ ಕುಮಟಾ. ಹಿಂಗ ಎಲ್ಲಾರದೂ ಹಾಡಿನಕಿಂತಾ ತವರಮನಿ ಅಭಿಮಾನನ ಜಾಸ್ತಿ.

ನನ್ನ ಮಗಳು ಮೊಬೈಲಿನಿಂದ ತಲಿ ಎತ್ತಲಾರದ, "ಯಾಕ ಜಗಳಾಡ್ತೀರಿ, ಯೂಟ್ಯೂಬಿನಾಗ ಯಾವದನ್ನ ಜಾಸ್ತಿ ಮಂದಿ ನೋಡ್ಯಾರ ನೋಡಿದರಾತು" ಅಂತ ತೀರ್ಪ ಕೊಟ್ಟಳು.

ಈಗ ನಾ ನನ್ನ ಅಭಿಪ್ರಾಯ ಹೇಳಬೇಕು. ಮನ್ಯಾಗ ಹೇಳಲಿಕ್ಕೆ ಯಾರೂ ಸಂದು ಕೊಡಲಿಲ್ಲ, ಅದಕ್ಕ ಇಲ್ಲೆ ಬರೀಲಿಕತ್ತೇನಿ.

ಮೊದಲ ಮಗಳ ಲೆಕ್ಕಾ ನೋಡೋಣ. ಯೂಟ್ಯೂಬ್ ಶುರು ಆಗಿದ್ದ 2005ರಾಗ. ಮುಂಗಾರು ಮಳೆ ಬಂದಿದ್ದು 2006ರ ಕಡೀಕ. ಅಂದರ ಆ ಹಾಡಿಗೆ ಹುಟ್ಟಿದಾಗಿಂದ ಲೆಕ್ಕಾ ಇಡವರು ಸಿಕ್ಕರು. ಅದಕಿಂತ ಮೊದಲಿನ ಹಾಡನ್ನ ಎಷ್ಟ ಮಂದಿ ಕೇಳಿದರು ಅಂತ ಯಾರ ಎಣಸ್ಯಾರ? ಧಾರವಾಡ ಆಕಾಶವಾಣಿ 1950ರಾಗ ಶುರು ಆತು. ಒಂದ ರೇಡಿಯೋ ಹಚ್ಚಿದರ ಓಣಿ ಓಣಿನ ಕಟ್ಟಿ ಮ್ಯಾಲೆ ಕೂತ ಕೇಳ್ತಿತ್ತು. ಅದು ಒಂದ ಸಲ ಕೇಳಿದ್ದೋ, ನಲವತ್ತ ಸಲ ಕೇಳಿದ್ದೋ? ಅದೂ ಅಲ್ಲದ, ಕೂಸು ಊಟಾ ಮಾಡವಲ್ದು ಅಂತ ತಾಯಿ ಅದ ಹಾಡನ್ನ ದಿವಸಕ್ಕ ಹತ್ತ ಸಲ ಹಚ್ಚಿದರ ಮೊಬೈಲು ಹತ್ತೂ ಎಣಸ್ತದ. ಅದು ಹಾಡಿನ ಲೆಕ್ಕಾ ಅಲ್ಲ, ಕೂಸಿನ ಹಟದ ಲೆಕ್ಕಾ.

ಇನ್ನ ಪ್ರಶಸ್ತಿ. ಭಾವಾನೂ ವೈನಿನೂ ಒಂದ ಮಾತ ಮರತಾರ. ರಾಷ್ಟ್ರ ಪ್ರಶಸ್ತಿ ಕೊಡೋದು ಹಾಡಿದವರಿಗೆ, ಬರದವರಿಗೆ, ಸಂಗೀತ ಕೊಟ್ಟವರಿಗೆ. ಹಾಡಿಗೆ ಅಂತ ಯಾರೂ ಕೊಡೂದಿಲ್ಲ. ನಾದಮಯಕ್ಕ ಬಂದಿದ್ದು ರಾಜಕುಮಾರರ ಕಂಠಕ್ಕ, ಅದೂ ಸುಳ್ಳಲ್ಲ, ಆ ಕಂಠಕ್ಕ ಕೊಡದ ಇನ್ಯಾರಿಗೆ ಕೊಡಬೇಕಿತ್ತು? ಆದರ ಅದ ಹಾಡನ್ನ ನಮ್ಮ ಭಾವಾ ಸ್ನಾನಕ್ಕ ಹೋದಾಗ ಹಾಡ್ತಾರ. ಎರಡನೇ ಆಲಾಪಕ್ಕ ಉಸಿರ ಹತ್ತಿ, ಮೂರನೇದಕ್ಕ ಕೆಮ್ಮ ಬಂದು, ಹೊರಗಿನಿಂದ ನಮ್ಮ ಅಕ್ಕಾ "ನೀರ ಸಾಕಾತೇನ್ರಿ?" ಅಂತ ಕೇಳೋ ಹೊತ್ತಿಗೆ ಮುಗದಿರ್ತದ. ದೊಡ್ಡವರು ಹಾಡಿದರ ಅಷ್ಟ ನಿಲ್ಲೋ ಹಾಡದು.

ಪ್ರಶಸ್ತಿ ಎಷ್ಟ ತಡಾ ಮಾಡಿ ಬರ್ತದ ಅನ್ನೋದಕ್ಕ ಇನ್ನೊಂದ ಉದಾಹರಣಿ. ಕೆ.ಎಸ್. ನರಸಿಂಹಸ್ವಾಮಿಗಳ 'ಮೈಸೂರ ಮಲ್ಲಿಗೆ' ಪುಸ್ತಕ ಬಂದಿದ್ದು 1942ರಾಗ. ಆ ಪದಗಳನ್ನ ಮಂದಿ ಲಗ್ನದಾಗ, ಸಾಲ್ಯಾಗ, ಅಡಗಿಮನ್ಯಾಗ ಹಾಡಿ ಹಾಡಿ ಹಳೇವು ಮಾಡಿದಮ್ಯಾಲೆ, 1990ರ ದಶಕದಾಗ ನಾಗಾಭರಣರ ಪಿಕ್ಚರಿನ ನೆವದಿಂದ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಮಂದಿ ಅರ್ಧಾ ಶತಮಾನದ ಹಿಂದ ಕೊಟ್ಟ ತೀರ್ಪಿಗೆ ದಿಲ್ಲಿಯವರು ಆಮ್ಯಾಲೆ ಬಂದು ಠಸ್ಸೆ ಒತ್ತಿದಂಗಾತು.

ಹಂಗಾರ ನಾ ಹೆಂಗ ಅಳೀತೀನಿ ಅಂದರ, ನಂದ ಒಂದ ಪರೀಕ್ಷಾ ಅದ. ಹಾಡಿನಿಂದ ವಾದ್ಯಾ ತಗೀರಿ. ಹಾಡಿದವರ ದೊಡ್ಡ ಕಂಠ ತಗೀರಿ. ಪಡದಿ ಮ್ಯಾಲಿನ ಹೀರೋನ್ನೂ ತಗೀರಿ. ಸ್ವರಜ್ಞಾನ ಇಲ್ಲದ ಒಬ್ಬ ಮನಷ್ಯಾ, ಕೈಯಾಗ ಕೆಲಸಾ ಇಟಗೊಂಡು, ಮನಸ್ಸ ಸರಿ ಇಲ್ಲದ ದಿವಸ ಅದನ್ನ ಹಾಡಬೇಕು. ಆವಾಗೂ ಅದು ಹಾಡ ಆಗೇ ಉಳಿದರ ಅದು ಛಲೋ ಹಾಡು. ಈ ಪರೀಕ್ಷಾದಾಗ ನನ್ನ ಹೆಂಡ್ತಿ ಮುಂಗಾರು ಮಳೆ ಹಾಡೂ ಜಾರ್ತದ. ಅಕಿ ಪಲ್ಲವಿ ಮುಗಿಸಿದ ಕೂಡಲೆ ಬಾಯಿಲೇನ ನಡುವಿನ ವಾದ್ಯಾ ನುಡಸ್ತಾಳ, ಆಮ್ಯಾಲೆ ಚರಣ ನೆನಪಾಗಲಾರದ ಮತ್ತ ಪಲ್ಲವಿಗೆ ಬರ್ತಾಳ. ಕಾಯ್ಕಿಣಿಯವರು ಅಷ್ಟ ಛಂದ ಬರದಾರ, ಪಾಪ.

ಪಾಸ್ ಆಗೋ ಹಾಡು ನಂಗ ಒಂದ ಗೊತ್ತದ. 1971ರಾಗ ಬಂದ ಕಸ್ತೂರಿ ನಿವಾಸದ ಗೊಂಬಿ ಹಾಡು. ಚಿ. ಉದಯಶಂಕರ್ ಬರದಿದ್ದು, ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ನಾ ಹುಟ್ಟಿದ್ದೂ ಅದ ವರ್ಷ. ನನ್ನ ತೊಟ್ಟಲಾ ತೂಗಿದ್ದು ಅದ ಹಾಡಿನ ಮ್ಯಾಲೆ. ನಮ್ಮವ್ವನ ಕಂಠ ಅಂದರ, ಈಗೂ ಇದ್ದಾಳ, ಓದಿ ಬೈತಾಳ, ಆದರ ಇದ್ದಿದ್ದ ಹೇಳಬೇಕು, ಒಡದ ಜಾಗಟಿ. ಅಂಥಾ ಕಂಠದಾಗೂ ಆ ಹಾಡು ಸೊಟ್ಟ ಆಗ್ತಿದ್ದಿಲ್ಲ. ಮೆಟ್ಟಲಾ ಇಳದಂಗ ಒಂದೊಂದ ಹೆಜ್ಜಿ, ಎಲ್ಲೂ ಜಿಗಿಯೋ ಕೆಲಸಾ ಇಲ್ಲ.

ಇನ್ನೊಂದ ಅದ. ಅದ ಧಾಟಿ ಆ ಪಿಕ್ಚರಿನಾಗ ಎರಡ ಸಲ ಬರ್ತದ. ಮೊದಲನೇ ಸಲ ಹುಡುಗರ ಮುಂದ ಗೊಂಬಿ ಆಡಿಸಿಕೋತ ಖುಷಿಲೆ, ಎರಡನೇ ಸಲ ಎಲ್ಲಾ ಕಳಕೊಂಡ ಮ್ಯಾಲೆ ದುಃಖದಲೆ. ಶಬ್ದ ಬ್ಯಾರೆ, ಧಾಟಿ ಅದ. ನಗೂದಕ್ಕೂ ಅಳೂದಕ್ಕೂ ಒಂದ ಧಾಟಿ ಸಾಲೋದು ಸಣ್ಣ ಮಾತಲ್ಲ.

ಇಷ್ಟ ವಿಚಾರ ತಲ್ಯಾಗ ಇಟಗೊಂಡು ನಾ ಅವತ್ತ "ಕಸ್ತೂರಿ ನಿವಾಸದ್ದ ಹಚ್ಚೋ" ಅಂದೆ. ಅಷ್ಟ ಅಂದಿದ್ದ ತಡಾ, ನಮ್ಮಣ್ಣ ಅವಲಕ್ಕಿ ತಾಟು ಕೆಳಗ ಇಟ್ಟ.

"ಅದೊಂದ ಬಿಟ್ಟು ಬ್ಯಾರೆ ಯಾವದರ ಹಚ್ಚರಿ. ನನ್ನ ಶಾಂತಿ ಒಳಗ ಅದು ಬ್ಯಾಡ."

ಯಾಕ ಅಂತ ಹುಡುಗರಿಗೆ ಗೊತ್ತಿದ್ದಿಲ್ಲ. ನಮಗ ಗೊತ್ತಿತ್ತು. 1984ರಾಗ ನಮ್ಮಪ್ಪ ಸಂಗತಿ ಕೆಲಸಾ ಮಾಡೋ ಒಬ್ಬರ ಸಾಲಕ್ಕ ಜಾಮೀನ ನಿಂತಿದ್ದ. ಅವರು ಕಂತ ತುಂಬೋದ ಬಿಟ್ಟು ಊರ ಬಿಟ್ಟರು. ಅಪ್ಪನ ಪಗಾರದಾಗ ಪ್ರತಿ ತಿಂಗಳಾ ಹಿಡಕೊಳ್ಳಲಿಕ್ಕೆ ಹತ್ತಿದರು. ಓಣ್ಯಾಗಿನ ಅಜ್ಜನ ಕಾಲದ ಮನಿ ಮಾರಿ ಎರಡ ಖೋಲಿ ಬಾಡಗಿ ಮನಿಗೆ ಬಂದ್ವಿ. ಅಣ್ಣಾ ಪಿಯುಸಿ ಪಾಸಾಗಿದ್ದ, ಇಂಜಿನಿಯರಿಂಗ್ ಸೀಟೂ ಸಿಗೋಹಂಗಿತ್ತು. ಅದನ್ನ ಬಿಟ್ಟು ಒಂದ ಅಂಗಡಿ ಒಳಗ ಲೆಕ್ಕಾ ಬರೀಲಿಕ್ಕೆ ಹೋದ. ನಾ ಮುಂದ ಡಿಗ್ರಿ ಮಾಡಿದ್ದು ಅವನ ಪಗಾರದಾಗ.

"ಅಪ್ಪಾ ಆ ಪಿಕ್ಚರ್ ನೋಡಿ ಕೆಟ್ಟ" ಅಂದ ಅಣ್ಣಾ. "ಇದ್ದಿದ್ದೆಲ್ಲಾ ಮಂದಿಗೆ ಕೊಟ್ಟು ಹಾಳಾಗೋದ ದೊಡ್ಡ ಗುಣಾ ಅಂತ ತಿಳಕೊಂಡ. ಗೊಂಬಿ ಕೆಡವಿದರೂ ಏಳ್ತದ ಅಂತ ಹಾಡೋದು ಸಸಾರ. ಯಾಕ ಏಳ್ತದ? ಅದರ ಬುಡಕ್ಕ ಭಾರ ಇಟ್ಟಿರ್ತಾರ, ಅದಕ್ಕ ಏಳ್ತದ. ನಮ್ಮ ಮನ್ಯಾಗ ಆ ಭಾರ ಯಾರಿದ್ದರು? ನಾನೂ ಅವ್ವಾನೂ. ಬುಡದಾಗ ಇದ್ದವರ ಮ್ಯಾಲೆ ಯಾರರ ಹಾಡ ಬರದಾರೇನು?"

ಯಾರೂ ಮಾತಾಡಲಿಲ್ಲ. ನಾ ಏನ್ ಹೇಳಬೇಕಿತ್ತು? ನನ್ನ ಡಿಗ್ರೀನ ಅವನ ಭಾರದ್ದು.

ಆದರ ಇಲ್ಲೆ, ಅವನ ಎದುರಿಗೆ ಇಲ್ಲದಾಗ, ಒಂದ ಮಾತ ಹೇಳ್ತೀನಿ. ಗೊಂಬಿ ಯಾವಾಗಲೂ ಏಳ್ತದ ಅಂತ ಆ ಪಿಕ್ಚರೇನ ಹೇಳಿಲ್ಲ. ಕಡೀಕೆ ಆ ಸಾಹುಕಾರ ಮನಿಗೆ ಬಂದವರ ಊಟಕ್ಕ ತಾ ಸಾಕಿದ ಪಾರಿವಾಳನೂ ಕೊಟ್ಟು, ತಾನೂ ಉಳಿಯೂದಿಲ್ಲ. ಹಾಡು ಹೇಳಿದ್ದ ಒಂದ, ಕಥಿ ಹೇಳಿದ್ದ ಇನ್ನೊಂದ. ಹಾಡಿನಾಗ ಸಿಕ್ಕ ಧೈರ್ಯಕ್ಕ ಬದುಕು ಎಷ್ಟ ಬೆಲಿ ಕೇಳ್ತದ ಅನ್ನೋದನ್ನ ಆ ಪಿಕ್ಚರ್ ಮುಚ್ಚಿಡಲಿಲ್ಲ.

ಇಷ್ಟೊತ್ತನಕಾ ಮೂಲ್ಯಾಗ ಹತ್ತಿಬತ್ತಿ ಹೊಸಕೋತ ಕೂತಿದ್ದ ಅವ್ವಾ ತಲಿ ಎತ್ತಿದಳು. ಅಕಿಗೆ ಒಂದ ಕಿವಿ ಮಂದ. ಬೇಕಾದ್ದ ಮಾತ್ರ ಬರೋಬ್ಬರಿ ಕೇಳಸ್ತದ.

"ನಿಮ್ಮಪ್ಪಾ ಪಿಕ್ಚರ್ ನೋಡಿ ಕೆಡಲಿಲ್ಲೋ" ಅಂದಳು. "ಅವರು ಅರ್ಧಾ ಪಿಕ್ಚರಿಗೆ ನಿದ್ದಿ ಹೊಡದಿದ್ದರು. ಕಡೀಕೆ ಏನಾತು ಅಂತ ಹಾದ್ಯಾಗ ನಾನ ಹೇಳಿದ್ದು."

ಎಲ್ಲಾರೂ ನಕ್ಕರು. ಅಣ್ಣಾ ನಗಲಿಲ್ಲ. ಅವ್ವಾ ಬತ್ತಿ ಹೊಸಿಯೋದ ನಿಲ್ಲಸಲಿಲ್ಲ.

"ಜಾಮೀನಿಗೆ ಸಹಿ ಮಾಡೋಕಿಂತ ಮೊದಲ ನನ್ನ ಕೇಳಿದರು. ಆ ಮನಷ್ಯಾನ ಹೆಂಡ್ತಿಗೆ ಆಪರೇಶನ್ ಇತ್ತು. ಆತು, ಮಾಡ್ರಿ ಅಂದೆ. ಅವರು ಓಡಿ ಹೋಗ್ತಾರ ಅಂತ ನಂಗೇನ್ ಕನಸ ಬಿದ್ದಿತ್ತೇನು? ನೀ ಇಷ್ಟ ವರ್ಷ ಅಪ್ಪಗ ಬೈಕೋತ ಬಂದಿ. ಸತ್ತವರಿಗೆ ಬೈದರ ಯಾರಿಗೂ ಹತ್ತೂದಿಲ್ಲ ಅಂತ ನಾ ಸುಮ್ನಿದ್ದೆ. ಅರವತ್ತ ಆತಲ್ಲಾ, ಇನ್ನರ ಗೊತ್ತಿರಲಿ."

ನಲವತ್ತ ವರ್ಷದ ಮಾತು. ಅಣ್ಣಾ ಒಂದ ಗಳಿಗಿ ಅಕಿ ಮಾರಿ ನೋಡಿದ. ಆಮ್ಯಾಲೆ ಎದ್ದು ಅಕಿ ಮುಂದಿನ ಹತ್ತಿ ಬುಟ್ಟಿ ಸರಿಸಿ, ಬಾಜೂಕ ಕೂತು, ತಾನೂ ಒಂದ ಎಳಿ ಹತ್ತಿ ತಗೊಂಡ. ಹೊಸೀಲಿಕ್ಕೆ ಬರೂದಿಲ್ಲ ಅವಂಗ. ಸುಮ್ನ ಬೆರಳಾಗ ತಿರವಿಕೋತ ಕೂತಿದ್ದ.

ಸ್ವಲ್ಪ ಹೊತ್ತ ಬಿಟ್ಟು ನಾ ಅವ್ವನ್ನ ಕೇಳಿದೆ: "ಮತ್ತ ಅಷ್ಟ ಹಾಡಿದ್ದುವಲ್ಲ ಅವ್ವಾ, ಅದನ್ನ ಯಾಕ ಹಾಡ್ತಿದ್ದಿ? ಅಷ್ಟ ಸೇರತಿತ್ತೇನು?"

"ಸೇರೋದೇನ ಬಂತು? ಅದೊಂದ ನಂಗ ಪೂರ್ತಿ ಬರತಿತ್ತು. ಉಳದದ್ದೆಲ್ಲಾ ಅರ್ಧಾ ಅರ್ಧಾ. ಅರ್ಧಾಕ್ಕ ಹಾಡ ನಿಲ್ಲಿಸಿದರ ನೀ ಮತ್ತ ಕಣ್ಣ ತಗೀತಿದ್ದಿ."

ನೋಡ್ರಿ, ಇದ ತೀರ್ಪು. ನಾ ಎರಡ ತಾಸ ವಿಚಾರ ಮಾಡಿ ತಗದ ಪರೀಕ್ಷಾನ ಅಕಿ ಒಂದ ಮಾತಿನಾಗ ಹೇಳಿಬಿಟ್ಟಳು. ಒಡದ ಜಾಗಟಿಯಂಥಾ ಕಂಠದವರಿಗೂ ಪೂರ್ತಿ ಬರೋ ಹಾಡು, ಕೂಸು ಮಲಗೋತನಕಾ ಸಾಲೋ ಹಾಡು. ಯಾರಿಗೆ ಎಷ್ಟ ಪ್ರಶಸ್ತಿ ಬಂತು, ಎಷ್ಟ ಮಂದಿ ನೋಡಿದರು ಅನ್ನೋದೆಲ್ಲಾ ಆಮ್ಯಾಲಿಂದು. ಬಾಡಗಿ ಮನ್ಯಾಗ ರೇಡಿಯೋನೂ ಮಾರಿದಮ್ಯಾಲೆ ಅಕಿ ಹಿಟ್ಟ ನಾದಕೋತ ಅದನ್ನ ಹಾಡಿದ್ದ ನಂಗ ನೆನಪದ. ಆವಾಗ ನಂಗ ಹದಿಮೂರ ವರ್ಷ, ತೂಗೋ ಕೂಸು ಮನ್ಯಾಗ ಯಾವದೂ ಇದ್ದಿಲ್ಲ. ಅಕಿ ತನಗ ತಾನ ಹಾಡಿಕೊಳ್ತಿದ್ದಳು. ಬುಡದಾಗ ಇದ್ದವರ ಮ್ಯಾಲೆ ಹಾಡ ಯಾರ ಬರದಾರ ಅಂತ ಅಣ್ಣಾ ಕೇಳಿದನಲ್ಲ, ಬರದಿಲ್ಲ ಖರೇ. ಆದರ ಹಾಡಿದ್ದು ಅವರನ.

ಅದಕ್ಕ ಕನ್ನಡದಾಗ ಎಲ್ಲಾಕಿಂತಾ ಛಲೋ ಹಾಡು ಕಸ್ತೂರಿ ನಿವಾಸದ್ದ ಅಂತ ನಾ ಇವತ್ತೂ ಅಂತೀನಿ.

ಹಂಗಂತ ಶಾಂತಿ ದಿವಸ ಅದನ್ನ ಹಚ್ಚೂದಿಲ್ಲ. ಅಣ್ಣನ ಮಗಗ ನಾನ ಹೇಳೇನಿ, ಸನಾದಿ ಹಚ್ಚು, ಯಾರಿಗೂ ತ್ರಾಸಿಲ್ಲ ಅಂತ. ಛಲೋ ಹಾಡು ಅಂದ ಕೂಡಲೆ ಎಲ್ಲಾ ಕಡೆ ಹಚ್ಚಬೇಕು ಅಂತೇನಿಲ್ಲ. ಅಣ್ಣಾ ಬ್ಯಾಡ ಅಂದಾನ, ಆ ಹಾಡಿಗೆ ಅಂವ ಎಲ್ಲಾರಕಿಂತಾ ಜಾಸ್ತಿ ರೊಕ್ಕಾ ಕೊಟ್ಟಾನ, ಅವನ ಮಾತ ನಡೀಬೇಕು.

ನಿಮ್ಮ ಮನ್ಯಾಗ ಪೂರ್ತಿ ಬರೋ ಹಾಡು ಯಾವದದ, ನಿಮ್ಮವ್ವನ್ನ ಕೇಳಿ ನೋಡ್ರಿ. ಅಕಿ ಬತ್ತಿ ಹೊಸಕೋತ ಕೂತಾಗ ಕೇಳ್ರಿ. ಹಾಡಿನ ಜೊತಿಗೆ ಇನ್ನೇನರ ಹೊರಗ ಬಂದರ ನನಗ ಬೈಬ್ಯಾಡ್ರಿ ಮತ್ತ.