ಕಾರಿನ ಎಣ್ಣೆಗೂ ಊರಿನ ಲೆಕ್ಕ ಬೇಕು

ಐಷಾರಾಮಿ ಕಾರಿನ ಎಂಜಿನ್ ಆಯಿಲ್ ಅನ್ನು ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ‘ಪ್ರತಿ ಐದು ಸಾವಿರಕ್ಕೆ’ ಎನ್ನುತ್ತಾರೆ ಅಂಬಾಸಿಡರ್ ಕಾಲವನ್ನು ಕಂಡ ಹಿರಿಯರು. ‘ಪುಸ್ತಕದಲ್ಲಿ ಹದಿನೈದು ಸಾವಿರ ಎಂದಿದೆ, ಅದಕ್ಕೂ ಮುಂಚೆ ಬದಲಿಸುವುದು ದಂಡ’ ಎನ್ನುತ್ತಾರೆ ಹೊಸ ಕಾರಿನ ಮಾಲೀಕರು. ಮೊದಲನೆಯದು ಅನುಭವದ ಮಾತು, ಎರಡನೆಯದು ಕಂಪನಿಯ ಮಾತು. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿಯ ರಸ್ತೆಗಳನ್ನು ಬಲ್ಲ ನನಗೆ ಎರಡೂ ಉತ್ತರಗಳು ಅರ್ಧ ಮಾತ್ರ ಸರಿ ಎನಿಸಿವೆ. ಏಕೆಂದರೆ ಎರಡೂ ಕಾರನ್ನು ನೋಡುತ್ತವೆ, ಅದು ಓಡುವ ಊರನ್ನು ನೋಡುವುದಿಲ್ಲ.

ಬರಗಾಲಕ್ಕೆ ಹೆಸರಾಗಿದ್ದ ತಾಲ್ಲೂಕುಗಳಲ್ಲಿ ಐಷಾರಾಮಿ ಕಾರಿನ ಮಾತೇಕೆ ಎಂದು ಹುಬ್ಬೇರಿಸಬೇಕಿಲ್ಲ. 2006ರಲ್ಲಿ ಲೋಕಾರ್ಪಣೆಗೊಂಡ ಆಲಮಟ್ಟಿ ಜಲಾಶಯ, ಮುಳವಾಡ ಏತ ನೀರಾವರಿಯಂತಹ ಯೋಜನೆಗಳು ಈ ಭಾಗದ ಬದುಕನ್ನು ಬದಲಿಸಿವೆ. ಇಂಡಿಯ ನಿಂಬೆ, ಜಿಲ್ಲೆಯ ದ್ರಾಕ್ಷಿ, ದಾಳಿಂಬೆ, ಕಬ್ಬು ಕೆಲವರ ಕೈಗಾದರೂ ಹಣ ತಂದಿವೆ. ವೈದ್ಯರು, ಗುತ್ತಿಗೆದಾರರು, ತೋಟಗಾರರು ಇದ್ದ ಮನೆಗಳ ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕ ಜರ್ಮನಿಯ ಕಾರು ನಿಂತಿರುವುದು ಈಗ ಬೆರಗಿನ ಸಂಗತಿಯಲ್ಲ. ಇವುಗಳಲ್ಲಿ ಬೆಂಗಳೂರು, ಪುಣೆಗಳಲ್ಲಿ ಕೆಲವು ವರ್ಷ ಓಡಿ, ಎರಡನೆಯ ಕೈಗೆ ಬಂದ ಕಾರುಗಳೂ ಇವೆ. ಮಹಾನಗರದ ಶ್ರೀಮಂತನಿಗೆ ಇದು ಮೂರನೆಯ ಕಾರು ಆಗಿದ್ದಿರಬಹುದು. ಇಲ್ಲಿ ಕೊಂಡವನಿಗೆ ಅದು ನಾಲ್ಕಾರು ಹಂಗಾಮುಗಳ ಗಳಿಕೆ. ಎಂಜಿನ್ ಕೆಟ್ಟರೆ ಹೋಗುವುದು ಪ್ರತಿಷ್ಠೆಯಷ್ಟೇ ಅಲ್ಲ.

ಎಣ್ಣೆಯ ಮಹತ್ವವನ್ನು ಈ ಸೀಮೆಗೆ ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾವ ರೈತನೂ ದೂರದ ಸಂತೆಗೆ ಹೊರಡುತ್ತಿರಲಿಲ್ಲ. ಹೇರು ಎಷ್ಟು, ದಾರಿ ಎಂಥದು, ಎತ್ತು ಎಷ್ಟು ದಣಿಯುತ್ತವೆ ಎಂಬುದನ್ನು ನೋಡಿ ಕೀಲೆಣ್ಣೆ ಹಾಕುತ್ತಿದ್ದನೇ ಹೊರತು ಹರದಾರಿ ಎಣಿಸಿ ಅಲ್ಲ. ನಮ್ಮ ಹೊಲಗಳಲ್ಲಿ ಬೆಳೆಯುವ ಔಡಲಕ್ಕೂ ಮೋಟಾರು ಜಗತ್ತಿಗೂ ಹಳೆಯ ನಂಟಿದೆ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಹೊರತಂದ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಹುಟ್ಟಿದ್ದೇ ಔಡಲೆಣ್ಣೆಯ ಇಂಗ್ಲಿಷ್ ಹೆಸರಿನಿಂದ.

ಎಂಜಿನ್ ಆಯಿಲ್ ಸವೆತ ತಡೆಯುವುದಷ್ಟೇ ಅಲ್ಲ, ಶಾಖವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತನ್ನಲ್ಲಿ ಹಿಡಿದಿಡುತ್ತದೆ, ಆಮ್ಲವನ್ನು ತಣಿಸುತ್ತದೆ, ತುಕ್ಕನ್ನು ತಡೆಯುತ್ತದೆ. ಇಂದಿನ ಐಷಾರಾಮಿ ಕಾರುಗಳಲ್ಲಿ ಸಾಮಾನ್ಯವಾಗಿರುವ ಟರ್ಬೊ ಚಾರ್ಜರಿನ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ. ಶಾಖದಿಂದ ಎಣ್ಣೆ ಉತ್ಕರ್ಷಣಗೊಂಡು ದಪ್ಪಗಾಗುತ್ತದೆ. ಇಂಧನ ಬೆರೆತರೆ ತೆಳುವಾಗುತ್ತದೆ. ಅದರಲ್ಲಿ ಬೆರೆಸಿದ ರಕ್ಷಕ ರಾಸಾಯನಿಕಗಳು ದಿನದಿನಕ್ಕೂ ಕರಗುತ್ತವೆ. ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಬೇಗ ಕಪ್ಪಾಗುತ್ತದೆ. ಬಣ್ಣ ನೋಡಿ ತೀರ್ಪು ಕೊಡುವುದು ಸಲ್ಲ.

ಈಗ ಕಂಪನಿಯ ಅಂಕಿಯನ್ನು ನೋಡೋಣ. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಿಗೆ ‘ಲಾಂಗ್‌ಲೈಫ್’ ವ್ಯವಸ್ಥೆಯಲ್ಲಿ ಗರಿಷ್ಠ 30,000 ಕಿ.ಮೀ. ಅಥವಾ ಎರಡು ವರ್ಷದವರೆಗೆ ಆಯಿಲ್ ಬದಲಿಸದಿರಲು ಅವಕಾಶವಿದೆ. ಭಾರತದಲ್ಲಿ ಮಾರಾಟವಾಗುವ ಹಲವು ಜರ್ಮನ್ ಕಾರುಗಳಿಗೆ ಹೇಳುವುದು 15,000 ಕಿ.ಮೀ. ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು. ಊರು ಬದಲಾದರೆ ಅವಧಿಯೂ ಬದಲಾಗಬೇಕು ಎಂಬುದನ್ನು ಕಂಪನಿಗಳೇ ಒಪ್ಪಿಕೊಂಡಂತಾಯಿತು. ಜರ್ಮನಿಯಿಂದ ಭಾರತಕ್ಕೆ ಬರುವಾಗ ಅಂಕಿಯನ್ನು ಇಳಿಸಿದವರು ಕಂಪನಿಯವರು. ಬೆಂಗಳೂರಿನಿಂದ ಸಿಂದಗಿಗೆ ಬಂದಾಗ ಇಳಿಸಬೇಕಾದವರು ಯಾರು? ಆ ಕೆಲಸ ಮಾಲೀಕನದೇ. ಅನೇಕ ಕೈಪಿಡಿಗಳಲ್ಲಿ ಧೂಳು, ವಿಪರೀತ ಶಾಖ, ಚಿಕ್ಕ ಚಿಕ್ಕ ಓಡಾಟ, ನಿಂತಲ್ಲೇ ಎಂಜಿನ್ ಚಾಲೂ ಇಡುವುದು ಇವನ್ನೆಲ್ಲ ‘ಕಠಿಣ ಬಳಕೆ’ ಎಂದು ಹೆಸರಿಸಿ, ಅಂಥಲ್ಲಿ ಬೇಗ ಬದಲಿಸಿ ಎಂಬ ಸೂಚನೆ ಇರುತ್ತದೆ. ಆ ಪುಟವನ್ನು ಓದುವವರು ವಿರಳ.

ಹಿರಿಯರ ಐದು ಸಾವಿರದ ಲೆಕ್ಕಕ್ಕೂ ಅದರದೇ ಕಾರಣವಿತ್ತು. ಅಂದಿನ ಖನಿಜ ತೈಲದ ಬಾಳಿಕೆ ಕಡಿಮೆ. ಇಂಧನವೂ ಶುದ್ಧವಿರಲಿಲ್ಲ. 2010ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್-3 ಮಾನದಂಡದ ಡೀಸೆಲ್‌ನಲ್ಲೂ ಹತ್ತು ಲಕ್ಷ ಭಾಗಕ್ಕೆ 350 ಭಾಗದವರೆಗೆ ಗಂಧಕ ಇರಬಹುದಿತ್ತು. ಗಂಧಕ ಉರಿದು ಹುಟ್ಟುವ ಆಮ್ಲ ಎಣ್ಣೆಯ ಆಯುಷ್ಯವನ್ನು ತಿನ್ನುತ್ತದೆ. 2020ರ ಏಪ್ರಿಲ್‌ನಿಂದ ಬಂದ ಭಾರತ್ ಸ್ಟೇಜ್-6 ಇಂಧನದಲ್ಲಿ ಈ ಮಿತಿ 10ಕ್ಕೆ ಇಳಿದಿದೆ. ಸಂಶ್ಲೇಷಿತ ತೈಲಗಳೂ ಬಂದಿವೆ. ಆದ್ದರಿಂದ ಎಲ್ಲ ಕಾರಿಗೂ ಐದು ಸಾವಿರ ಎನ್ನುವುದು ಈಗ ಅನಗತ್ಯ ಖರ್ಚು. ಆದರೆ ಇಂಧನ ಶುದ್ಧವಾಯಿತೆಂದು ಧೂಳು ಕಡಿಮೆಯಾಗಿಲ್ಲ, ಬಿಸಿಲು ತಗ್ಗಿಲ್ಲ.

ಬೇಸಿಗೆಯಲ್ಲಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಒಣಗಿದ ಎರೆಮಣ್ಣು ಹೊಲದ ದಾರಿಗಳಲ್ಲಿ ಹಿಟ್ಟಿನಂತೆ ಏಳುತ್ತದೆ. ಈ ಧೂಳನ್ನು ತಡೆಯುವುದು ಏರ್ ಫಿಲ್ಟರ್. ಅದು ಸಡಿಲವಾಗಿದ್ದರೆ ಅಥವಾ ಹರಿದಿದ್ದರೆ ಎಂಥ ದುಬಾರಿ ಎಣ್ಣೆಯೂ ಅರೆಯುವ ಲೇಪವಾಗಿ ಬಿಡುತ್ತದೆ. ಕಾಗದದ ಫಿಲ್ಟರಿಗೆ ಮತ್ತೆ ಮತ್ತೆ ಜೋರಾಗಿ ಗಾಳಿ ಹೊಡೆಸಿ ಉಳಿತಾಯ ಮಾಡಿದೆವೆಂದು ಭಾವಿಸುವವರು ಫಿಲ್ಟರಿನ ರಂಧ್ರಗಳನ್ನೇ ಹಿಗ್ಗಿಸಿರುತ್ತಾರೆ. ಆದ್ದರಿಂದ ಆಯಿಲ್ ಬಗ್ಗೆ ಚಿಂತಿಸುವ ಮೊದಲು ಏರ್ ಫಿಲ್ಟರ್ ಬದಲಿಸಬೇಕು.

ಧೂಳಿಗಿಂತಲೂ ಕಣ್ಣಿಗೆ ಕಾಣದ ಇನ್ನೊಂದು ಶತ್ರುವಿದೆ. ಅದು ನಿಂತಲ್ಲೇ ಓಡುವ ಎಂಜಿನ್. ಸಾಹೇಬರು ತಹಶೀಲ್ದಾರ್ ಕಚೇರಿಯಲ್ಲಿರುತ್ತಾರೆ, ಇಲ್ಲವೇ ಮದುವೆಯ ಮಂಟಪದಲ್ಲಿ. ಹೊರಗೆ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಕಾರು ಗುಡುಗುಡು ಎನ್ನುತ್ತಿರುತ್ತದೆ. ಎಣ್ಣೆ ದುಡಿಯುತ್ತದೆ, ಕಿಲೋಮೀಟರಿನ ಅಂಕಿ ಮಾತ್ರ ಒಂದಿಷ್ಟೂ ಕದಲುವುದಿಲ್ಲ. ಒಂದು ಗಂಟೆ ಹೀಗೆ ನಿಂತು ಓಡಿದ್ದು ಸುಮಾರು 40ರಿಂದ 50 ಕಿ.ಮೀ. ಓಟಕ್ಕೆ ಸಮ ಎಂಬುದು ವಾಹನಗಳ ನಿರ್ವಹಣೆ ಮಾಡುವವರ ಸ್ಥೂಲ ಲೆಕ್ಕ. ದಿನಕ್ಕೆ ಎರಡು ಗಂಟೆಯಂತೆ ವರ್ಷದಲ್ಲಿ 250 ದಿನ ನಿಂತರೆ 500 ಗಂಟೆ, ಅಂದರೆ ಕನಿಷ್ಠ 20,000 ಕಿ.ಮೀ.! ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಆಮೆಯಂತೆ ತೆವಳುವ ಕಾರಿನ ಕಥೆಯೂ ಇದೇ. ಮಹಾನಗರದ ಓದುಗರು ಇದನ್ನು ದೂರದ ಊರಿನ ಸಮಸ್ಯೆ ಎಂದುಕೊಳ್ಳಬಾರದು.

ಇದಕ್ಕೆ ಪರಿಹಾರ ಅದೇ ಅಂಗಳದಲ್ಲಿದೆ. ಟ್ರ್ಯಾಕ್ಟರಿಗೆ ಕಿಲೋಮೀಟರಿನ ಲೆಕ್ಕವಿಲ್ಲ, ಗಂಟೆಯ ಮೀಟರ್ ಇದೆ. ಹಲವು ಟ್ರ್ಯಾಕ್ಟರುಗಳಿಗೆ 250 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕೆಂಬುದು ಅದನ್ನು ನಡೆಸುವ ಹುಡುಗನಿಗೂ ಗೊತ್ತು. ಟ್ರ್ಯಾಕ್ಟರಿನ ದುಡಿಮೆ ಬೇರೆ, ಕಾರಿನ ಎಂಜಿನ್ ಬೇರೆ ಎಂಬುದು ನಿಜ. ಅದೇ ಅಂಕಿಯನ್ನು ಕಾರಿಗೆ ಹಚ್ಚಬೇಕಿಲ್ಲ. ಆದರೆ ಗಂಟೆಯಲ್ಲಿ ಎಣಿಸುವ ಕ್ರಮವನ್ನು ಖಂಡಿತ ಕಲಿಯಬಹುದು. ಬಹುತೇಕ ಐಷಾರಾಮಿ ಕಾರುಗಳ ಪರದೆಯಲ್ಲಿ ಸರಾಸರಿ ವೇಗ ಕಾಣಿಸುತ್ತದೆ. ಸರಾಸರಿ ಗಂಟೆಗೆ 50 ಕಿ.ಮೀ. ಇದ್ದರೆ 15,000 ಕಿ.ಮೀ. ಎಂದರೆ 300 ಗಂಟೆಯ ದುಡಿಮೆ. ಸರಾಸರಿ 20 ಕಿ.ಮೀ. ಇದ್ದರೆ ಅದೇ 15,000ಕ್ಕೆ 750 ಗಂಟೆ. ಅಂಕಿ ಒಂದೇ, ದುಡಿಮೆ ಎರಡೂವರೆ ಪಟ್ಟು.

ಕಾರಿನ ಕಂಪ್ಯೂಟರ್ ಇದನ್ನೆಲ್ಲ ತಾನೇ ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ನೋಡಿಕೊಳ್ಳುತ್ತದೆ. ಬಿಎಂಡಬ್ಲ್ಯು, ಮರ್ಸಿಡಿಸ್ ಮುಂತಾದ ಕಾರುಗಳಲ್ಲಿ ಬಳಕೆಗೆ ತಕ್ಕಂತೆ ಸರ್ವೀಸ್ ಸೂಚನೆ ಕೊಡುವ ವ್ಯವಸ್ಥೆಗಳಿವೆ. ಆದರೆ ಇಂಥ ವ್ಯವಸ್ಥೆಗಳು ಹೆಚ್ಚಾಗಿ ಉರಿದ ಇಂಧನ, ಶಾಖ, ಸುತ್ತುಗಳನ್ನು ಆಧರಿಸಿ ಅಂದಾಜು ಕಟ್ಟುತ್ತವೆ. ಎಣ್ಣೆಯಲ್ಲಿ ಎಷ್ಟು ಧೂಳು ಸೇರಿತೆಂದು ಅಳೆಯುವುದಿಲ್ಲ. ಹಳದಿ ದೀಪ ಹತ್ತುವವರೆಗೆ ಕಾಯುವುದು ಎಂದರೆ ಬೇಗ ಬದಲಿಸುವ ನಿರ್ಧಾರವನ್ನು ಧೂಳನ್ನೇ ಕಾಣದ ಯಂತ್ರಕ್ಕೆ ಒಪ್ಪಿಸಿದಂತೆ.

ಹಾಗಾದರೆ ಎಷ್ಟು? ಒಂದೇ ಊರಿನ ಎರಡು ಕಾರುಗಳನ್ನು ಕಲ್ಪಿಸಿಕೊಳ್ಳಿ. ಒಂದು, ಸಿಂದಗಿಯಿಂದ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗಿಬರುತ್ತದೆ. ಅದರ ಎಂಜಿನ್ ಬಿಸಿಯಾಗಿ, ಹದವಾದ ವೇಗದಲ್ಲಿ ಓಡುತ್ತದೆ. ಪುಸ್ತಕದ ಅವಧಿ ಅದಕ್ಕೆ ಸಾಕು. ಇನ್ನೊಂದು, ಬೆಳಿಗ್ಗೆ ತೋಟಕ್ಕೆ, ಮಧ್ಯಾಹ್ನ ಕಾರ್ಖಾನೆಗೆ, ಸಂಜೆ ಊರೊಳಗೆ ಓಡಾಡುತ್ತದೆ. ಅದಕ್ಕೆ ಪುಸ್ತಕದ ಅರ್ಧ, ಅಂದರೆ ಏಳೆಂಟು ಸಾವಿರ ಕಿ.ಮೀ. ವಿವೇಕದ ಅವಧಿ. ಇವೆರಡರ ನಡುವಿನವು ಹತ್ತು ಸಾವಿರಕ್ಕೆ ಬದಲಿಸಲಿ. ಎಷ್ಟೇ ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಬದಲಾವಣೆ ತಪ್ಪದಿರಲಿ. ತಿಂಗಳಿಗೊಮ್ಮೆ ಎಣ್ಣೆಯ ಮಟ್ಟ ನೋಡಬೇಕು. ಡೀಸೆಲ್ ಕಾರಿನಲ್ಲಿ ಮಟ್ಟ ಏರಿದರೂ ಸಂತೋಷಪಡಬಾರದು. ಹೊಗೆ ಸೋಸುವ ಫಿಲ್ಟರ್ ಶುದ್ಧಿಗೊಳ್ಳುವಾಗ ಇಂಧನ ಎಣ್ಣೆಗೆ ಇಳಿದಿರಬಹುದು. ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದಿದ್ದರೆ ಸಾಲದು, ಆ ಕಾರಿನ ಕಂಪನಿ ಒಪ್ಪಿದ ಸಂಕೇತವೂ ಇರಬೇಕು.

ಖರ್ಚಿನ ಮಾತಿಗೆ ಬಂದರೆ, ವರ್ಷಕ್ಕೊಂದು ಹೆಚ್ಚುವರಿ ಬದಲಾವಣೆಗೆ ತಗಲುವುದು ಸಾವಿರಗಳಲ್ಲಿ. ಟರ್ಬೊ ಅಥವಾ ಎಂಜಿನ್ ದುರಸ್ತಿಗೆ ತಗಲುವುದು ಲಕ್ಷಗಳಲ್ಲಿ. ಈ ಕಾರುಗಳ ಅಧಿಕೃತ ಸರ್ವೀಸ್ ಕೇಂದ್ರಗಳಿರುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಕೆಟ್ಟ ಕಾರನ್ನು ಅಲ್ಲಿಗೆ ಸಾಗಿಸುವುದೇ ಒಂದು ಸಾಹಸ. ಆಗ ತಪ್ಪು ಹೊರಬೇಕಾದವರು ಸಾಮಾನ್ಯವಾಗಿ ಡ್ರೈವರ್ ಅಥವಾ ಊರಿನ ಮೆಕ್ಯಾನಿಕ್. ಆಯಿಲ್ ಬದಲಿಸಲು ಹಣ ಕೇಳಿದಾಗ ‘ಮುಂದಿನ ತಿಂಗಳು ನೋಡೋಣ’ ಎಂದವರ ಹೆಸರು ಅಲ್ಲಿ ಬರುವುದಿಲ್ಲ.

ಪ್ರತಿ ಬದಲಾವಣೆಯ ಬಿಲ್ಲನ್ನು ಜೋಪಾನವಾಗಿಡುವುದು ಇದೇ ಕಾರಣಕ್ಕೆ ಮುಖ್ಯ. ಅಮೆರಿಕದಲ್ಲಿ ಟೊಯೊಟಾ ಮತ್ತು ಅದರ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್‌ನ ಕೆಲವು ಎಂಜಿನ್‌ಗಳಲ್ಲಿ ಎಣ್ಣೆ ಗಸಿಗಟ್ಟಿದಾಗ, ಮಾಲೀಕರು ಸಕಾಲದಲ್ಲಿ ಆಯಿಲ್ ಬದಲಿಸಿದ್ದರೇ ಎಂಬುದೇ ದೊಡ್ಡ ವಿವಾದವಾಗಿತ್ತು. ಕೊನೆಗೆ 2002ರಲ್ಲಿ ಕಂಪನಿ ಸುಮಾರು 33 ಲಕ್ಷ ವಾಹನಗಳಿಗೆ ವಿಶೇಷ ರಕ್ಷಣೆ ಘೋಷಿಸಿತು. ಅಂಥ ದೊಡ್ಡ ಜಗಳದಲ್ಲೂ ಗ್ರಾಹಕನ ಕೈ ಹಿಡಿಯುವುದು ಹಳೆಯ ಬಿಲ್ಲೇ. ಕಾರು ಮಾರುವ ಬೆಂಗಳೂರಿಗನೂ ಕೀಲಿಕೈ ಜೊತೆಗೆ ಆ ಕಡತವನ್ನು ಕೊಡಬೇಕು. ಕೊಳ್ಳುವ ಇಂಡಿಯವನು ಅದನ್ನು ಕೇಳಿ ಪಡೆಯಬೇಕು.

ಹೆಚ್ಚು ಬದಲಿಸಿದಷ್ಟೂ ಒಳ್ಳೆಯದು ಎಂಬ ವಾದವನ್ನು ನಾನು ಒಪ್ಪದಿರುವುದಕ್ಕೆ ಹಣಕ್ಕಿಂತ ಮಿಗಿಲಾದ ಕಾರಣವಿದೆ. ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಸೆಂಟ್ರಿಂಗ್ ಹಲಗೆಗಳಿಗೆ, ಒಂದಿಷ್ಟು ಗೆದ್ದಲು ಹಿಡಿದ ಕಟ್ಟಿಗೆಗೆ, ಉಳಿದದ್ದು ಚರಂಡಿಗೆ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಎಂದು ಹೆಮ್ಮೆಪಡುವ ನಾಡಿದು. ಭಾರಲೋಹಗಳು ಬೆರೆತ ಈ ಕೊಳೆ ಆ ನದಿಗೂ ನಮ್ಮ ಬಾವಿಗಳಿಗೂ ಸೇರಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಅದರ ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೂ ಹೊರಿಸುವ ನಿಯಮಗಳು 2024ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಆದರೆ ತಾಲ್ಲೂಕು ಕೇಂದ್ರದ ಗ್ಯಾರೇಜಿನಿಂದ ಅದನ್ನು ಸಂಗ್ರಹಿಸುವ ವ್ಯವಸ್ಥೆ ಬಲಗೊಳ್ಳದೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ಪುರಸಭೆಗಳು ಬಸ್ ನಿಲ್ದಾಣದ ಸುತ್ತಲಿನ ಗ್ಯಾರೇಜುಗಳಿಗೆ ಒಂದೊಂದು ಪೀಪಾಯಿ ಇಡಿಸಿ, ಅನುಮತಿ ಪಡೆದ ಮರುಸಂಸ್ಕರಣೆದಾರರಿಗೆ ತಲುಪಿಸುವುದು ಅಸಾಧ್ಯವೇನಲ್ಲ.

ಕಂಪನಿಗಳಿಂದ ಅಪೇಕ್ಷಿಸುವುದೂ ಒಂದಿದೆ. ಲಕ್ಷಾಂತರ ರೂಪಾಯಿಯ ಕಾರು ಮಾರುವವರು ‘ಕಠಿಣ ಬಳಕೆ’ಯ ಆ ಒಂದು ಪುಟವನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ. ಕಾರನ್ನು ನಿತ್ಯ ನಡೆಸುವ ಡ್ರೈವರಿಗೆ ಓದಲು ಬರದ ಭಾಷೆಯಲ್ಲಿ ಎಚ್ಚರಿಕೆ ಕೊಟ್ಟರೆ ಕೊಡದಿದ್ದಂತೆಯೇ. ಉಳಿದದ್ದು ಮಾಲೀಕರ ಕೈಯಲ್ಲಿದೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಓಡಿದ ಕಿಲೋಮೀಟರಿನ ಪಕ್ಕದಲ್ಲಿ ದುಡಿದ ಗಂಟೆಯನ್ನೂ ಬರೆದಿಡಲಿ. ಆ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದವರಿಗೆ ಮುಂದಿನ ಬದಲಾವಣೆ ಯಾವಾಗ ಎಂಬುದನ್ನು ಬೇರೆಯವರು ಹೇಳಬೇಕಾಗುವುದಿಲ್ಲ.