ಆ ಪಟ್ಟಿ ಅದ್ದಿ ನೋಡಾಕ ಏನು ಅಡ್ಡಿ ಇತ್ರಿ?

ಚಿಮ್ಮಡದ ನಮ್ಮ ಕೇರಿ ಹುಡುಗಿ. ಕೀಲು ನೋವು, ಕೆನ್ನೆ ಮೇಲೆ ಕೆಂಪು ಕಲೆ, ಕಾಲು ಬಾವು. ಎಂಟು ತಿಂಗಳು ‘ರಕ್ತ ಕಡಿಮಿ ಐತಿ’ ಅಂತ ಗುಳಿಗಿ ಕೊಟ್ಟು ಕಳಿಸಿದ್ರು. ಮೂತ್ರ ನೊರೆ ಬರ್ತೈತಿ ಅಂತ ಅವ್ವ ಹೇಳಿದ್ದನ್ನ ಯಾರೂ ಬರಕೊಳ್ಳಲಿಲ್ಲ. (ನಾನೂ ಗುಮಾಸ್ತನೇ. ಬರಕೊಳ್ಳದ ಮಾತು ಕಚೇರಿಯಲ್ಲಿ ಮಾತೇ ಅಲ್ಲ.) ಕಡೀಗೆ ಬೆಳಗಾವಿಯಲ್ಲಿ ಗೊತ್ತಾತು: ಲೂಪಸ್. ದೇಹ ಕಾಯೋ ಶಕ್ತಿಯೇ ತಿರುಗಿ ದೇಹಕ್ಕೆ ಹೊಡೆಯುವ ರೋಗ. 10ರಲ್ಲಿ ಸುಮಾರು 9 ಮಂದಿ ಹೆಣ್ಣುಮಕ್ಕಳು. ಅಷ್ಟರಾಗ ಕಿಡ್ನಿಗೆ ಇಳಿದಿತ್ತು.

ಮೂತ್ರದಾಗ ಪ್ರೋಟೀನ್ ಸೋರೋದನ್ನ ತೋರಿಸೋ ಪಟ್ಟಿಯನ್ನ ಬಸುರಿಯರಿಗೆ ಬಳಸ್ತಾರಲ್ಲ, ಇವಳಿಗೆ ಯಾಕಿಲ್ಲ? ಡಯಾಲಿಸಿಸ್ ಯಂತ್ರಕ್ಕ ರಿಬ್ಬನ್ ಕತ್ತರಿಸಿದ್ರ ಫೋಟೋ ಬರ್ತೈತಿ, ಪಟ್ಟಿಗೆ ಬರೂದಿಲ್ಲ. ಕೇರಿ ಹೆಣ್ಣುಮಕ್ಕಳ ನೋವು ಕಿಡ್ನಿ ಹೋದ ಮ್ಯಾಲೆ ಮಾತ್ರ ರೋಗ ಆಗ್ತದೇನು?

ಸೋಮವಾರ ತಾಲ್ಲೂಕು ಆರೋಗ್ಯಾಧಿಕಾರಿಗೆ ಮನವಿ ಕೊಡ್ತೀವಿ. ನಾ ರಜೆ ಹಾಕೀನಿ. ಬರ್ರಿ.