ಚೀಟಿ ಸುಟ್ಟರೆ ಸಾಲ ತೀರುವುದೇ?

ಯುವಜನರ ನಾಯಕತ್ವ ಸಮ್ಮೇಳನವೊಂದರಲ್ಲಿ ಮೂರು ದಿನ ಕುಳಿತು ಬಂದಿದ್ದೇವೆ. ಮೌಲ್ಯಗಳು ಮತ್ತು ಆತ್ಮಾವಲೋಕನ ಅದರ ವಿಷಯವಾಗಿತ್ತು. ರಾಜ್ಯದ ನಾನಾ ಕಡೆಗಳಿಂದ ಬಂದ ಎಲ್ಲ ಧರ್ಮಗಳ ಯುವಕ ಯುವತಿಯರು ಒಂದೇ ಪಂಕ್ತಿಯಲ್ಲಿ ಉಂಡರು, ಒಬ್ಬರ ಮಾತನ್ನು ಇನ್ನೊಬ್ಬರು ತಾಳ್ಮೆಯಿಂದ ಕೇಳಿದರು. ಮನುಷ್ಯರ ನಡುವೆ ಗೋಡೆ ಎಬ್ಬಿಸುವುದನ್ನೇ ರಾಜಕೀಯವೆಂದು ಭಾವಿಸಿರುವ ಈ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆ ಮಟ್ಟಿಗೆ ಸಂಘಟಕರು ಅಭಿನಂದನಾರ್ಹರು.

ಆದರೆ ಎರಡನೆಯ ದಿನ ಸಂಜೆಯ ಕಲಾಪ ನಮ್ಮನ್ನು ಇನ್ನೂ ಕಾಡುತ್ತಿದೆ. ಎಲ್ಲರಿಗೂ ಒಂದೊಂದು ಬಿಳಿಯ ಚೀಟಿ ಹಂಚಲಾಯಿತು. ಇಪ್ಪತ್ತು ನಿಮಿಷ ಮೌನವಾಗಿದ್ದು, ಬದುಕಿನಲ್ಲಿ ಮಾಡಿದ ತಪ್ಪುಗಳನ್ನು ಅದರಲ್ಲಿ ಬರೆಯುವಂತೆ ತರಬೇತುದಾರರು ಸೂಚಿಸಿದರು. ಬಯಸಿದವರು ಸಣ್ಣ ಗುಂಪುಗಳಲ್ಲಿ ಅದನ್ನು ಹೇಳಿಕೊಳ್ಳಬಹುದಿತ್ತು. ನಮ್ಮ ಗುಂಪಿನಲ್ಲಿದ್ದ ಕರಾವಳಿಯ ಇಂಜಿನಿಯರ್ ಯುವಕನೊಬ್ಬ ತನ್ನ ಮದುವೆಯಲ್ಲಿ ನಲವತ್ತು ಪವನು ಚಿನ್ನವನ್ನೂ ಎರಡು ಲಕ್ಷ ರೂಪಾಯಿಯನ್ನೂ ಪಡೆದುದನ್ನು, ಆ ಚಿನ್ನವನ್ನು ಮಾರಿ ಮನೆಯ ಮೇಲಂತಸ್ತು ಕಟ್ಟಿಸಿದುದನ್ನು ಹೇಳಿದ. ಮಾವ ಇಂದಿಗೂ ಆ ಸಾಲದ ಕಂತು ಕಟ್ಟುತ್ತಿದ್ದಾರೆಂದು ಹೇಳುವಾಗ ಬಿಕ್ಕಿ ಬಿಕ್ಕಿ ಅತ್ತ. ತರಬೇತುದಾರರು ಅವನನ್ನು ಅಪ್ಪಿಕೊಂಡರು. ಗುಂಪು ಚಪ್ಪಾಳೆ ತಟ್ಟಿತು. ಬಳಿಕ ಅಂಗಳದಲ್ಲಿ ಬೆಂಕಿ ಹೊತ್ತಿಸಿ ಎಲ್ಲರ ಚೀಟಿಗಳನ್ನು ಅದರಲ್ಲಿ ಹಾಕಲಾಯಿತು. ಹಳೆಯದೆಲ್ಲ ಸುಟ್ಟುಹೋಯಿತು, ಇನ್ನು ನೀವು ಹೊಸಬರು ಎಂದು ಘೋಷಿಸಲಾಯಿತು.

ಚಹಾದ ವೇಳೆ ನಾವು ಆ ಯುವಕನನ್ನು ಕೇಳಿದೆವು: "ಚಿನ್ನವನ್ನು ಹಿಂತಿರುಗಿಸುವುದು ಯಾವಾಗ?" ಅವನು ಬೆರಗಾಗಿ ನೋಡಿದ. "ಅದು ಈಗ ಹೇಗಾಗುತ್ತದೆ ಸಾರ್? ನಾನು ಬದಲಾಗಿದ್ದೇನಲ್ಲ?"

ಅವನನ್ನು ದೂರುವುದು ನಮ್ಮ ಉದ್ದೇಶವಲ್ಲ. ಅಷ್ಟು ಜನರ ಮುಂದೆ ತಪ್ಪೊಪ್ಪಿಕೊಳ್ಳಲು ಎದೆಗಾರಿಕೆ ಬೇಕು. ನಮ್ಮ ಆಕ್ಷೇಪವಿರುವುದು ಆ ಎದೆಗಾರಿಕೆಯನ್ನು ಚಪ್ಪಾಳೆಯಲ್ಲೇ ಮುಗಿಸಿಬಿಡುವ ವಿಧಾನದ ಬಗ್ಗೆ. ಸುಟ್ಟದ್ದು ಯಾರ ಚೀಟಿ? ಅದರಲ್ಲಿದ್ದದ್ದು ಒಬ್ಬ ಹೆಣ್ಣುಮಗಳ ಮತ್ತು ಅವಳ ತಂದೆಯ ಲೆಕ್ಕ. ಅವರಿಬ್ಬರೂ ಆ ಅಂಗಳದಲ್ಲಿರಲಿಲ್ಲ. ಸಾಲಗಾರನೇ ಸಾಲಪತ್ರವನ್ನು ಸುಟ್ಟು ಋಣಮುಕ್ತನೆನಿಸಿಕೊಳ್ಳುವ ಪದ್ಧತಿಗೆ ಯಾವ ಧರ್ಮದಲ್ಲಿ ಆಧಾರವಿದೆ?

ಮದ್ರಸದ ಚಾಪೆಯ ಮೇಲೆ ಕುಳಿತು ನಾವು ಕಲಿತ ಪಾಠ ಬೇರೆಯೇ ಇತ್ತು. 13ನೆಯ ಶತಮಾನದ ವಿದ್ವಾಂಸ ಇಮಾಮ್ ನವವಿಯವರು 'ರಿಯಾದುಸ್ಸಾಲಿಹೀನ್' ಗ್ರಂಥದಲ್ಲಿ ಪಶ್ಚಾತ್ತಾಪದ ಶರತ್ತುಗಳನ್ನು ವಿವರಿಸುತ್ತಾರೆ. ತಪ್ಪು ದೇವ ಮತ್ತು ದಾಸನ ನಡುವಿನದ್ದಾಗಿದ್ದರೆ ಶರತ್ತುಗಳು ಮೂರು: ತಪ್ಪನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಮಾಡಲಾರೆನೆಂದು ನಿಶ್ಚಯಿಸಬೇಕು. ಆದರೆ ಅದರಲ್ಲಿ ಇನ್ನೊಬ್ಬ ಮನುಷ್ಯನ ಹಕ್ಕು ಸೇರಿಕೊಂಡಿದ್ದರೆ ನಾಲ್ಕನೆಯ ಶರತ್ತೊಂದಿದೆ. ಆ ಹಕ್ಕನ್ನು ಹಕ್ಕುದಾರನಿಗೆ ಮುಟ್ಟಿಸಬೇಕು, ಸೊತ್ತಾಗಿದ್ದರೆ ಹಿಂತಿರುಗಿಸಬೇಕು. ಸಮ್ಮೇಳನದಲ್ಲಿ ಮೊದಲ ಮೂರಕ್ಕೆ ಮೂರು ದಿನಗಳಿದ್ದವು, ನಾಲ್ಕನೆಯದಕ್ಕೆ ಮೂರು ನಿಮಿಷವೂ ಇರಲಿಲ್ಲ.

ಇದು ಮುಸ್ಲಿಮರ ಶಾಸ್ತ್ರ, ಸರ್ವಧರ್ಮೀಯರ ವೇದಿಕೆಗೆ ಹೊಂದದು ಎನ್ನುವವರಿರಬಹುದು. ಹಾಗಾದರೆ ಕನ್ನಡ ನಾಡಿನ ಆಯ್ದಕ್ಕಿ ಲಕ್ಕಮ್ಮನನ್ನೇ ನೆನೆಯೋಣ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅವನನ್ನು ಕೂರಿಸಿ ಅಂತರಂಗದ ಪಾಠ ಹೇಳಲಿಲ್ಲ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಸುರಿದು ಬಾ ಎಂದಳು. ಹನ್ನೆರಡನೆಯ ಶತಮಾನದ ಆ ಬಡ ಹೆಂಗಸಿಗೆ ತಿಳಿದಿದ್ದ ಸರಳ ಸತ್ಯ ಇಂದಿನ ತರಬೇತುದಾರರಿಗೆ ತಿಳಿಯದಿರುವುದು ಖೇದಕರ.

ಮೌನ, ಅಂತರ್ವಾಣಿ, ತಪ್ಪೊಪ್ಪಿಗೆ ಎಂಬ ಈ ಕ್ರಮಕ್ಕೂ ಒಂದು ಇತಿಹಾಸವಿದೆ. 1938ರಲ್ಲಿ ಲಂಡನ್ನಿನಲ್ಲಿ ನೈತಿಕ ಪುನರುತ್ಥಾನ ಚಳವಳಿಯನ್ನು ಘೋಷಿಸಿದ ಅಮೆರಿಕದ ಪಾದ್ರಿ ಫ್ರಾಂಕ್ ಬುಕ್‌ಮನ್ ಇದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಮಹಾತ್ಮ ಗಾಂಧಿಯವರ ಮೊಮ್ಮಗ ರಾಜಮೋಹನ ಗಾಂಧಿ 1960ರ ದಶಕದಲ್ಲಿ ಭಾರತದಲ್ಲಿ ಇದರ ಮುಂದಾಳತ್ವ ವಹಿಸಿದರು. ಮಹಾರಾಷ್ಟ್ರದ ಪಂಚಗಣಿಯಲ್ಲಿ ತಲೆಯೆತ್ತಿದ ಏಷ್ಯಾ ಪ್ಲಾಟೊ ಕೇಂದ್ರ ಆ ಚಳವಳಿಯದೇ. ಬುಕ್‌ಮನ್ನರ ಎಲ್ಲ ನಿಲುವುಗಳೂ ನಮಗೆ ಒಪ್ಪಿಗೆಯೆಂದಲ್ಲ. ಆದರೆ 1908ರಲ್ಲಿ ಇಂಗ್ಲೆಂಡಿನ ಕೆಸ್ವಿಕ್‌ನಲ್ಲಿ ಅವರ ಮನಸ್ಸು ಪರಿವರ್ತನೆಯಾದಾಗ ಅವರು ಮಾಡಿದ್ದೇನು? ಫಿಲಡೆಲ್ಫಿಯಾದಲ್ಲಿ ತಾವು ವೈರ ಕಟ್ಟಿಕೊಂಡಿದ್ದ ಆರು ಮಂದಿಗೆ ಕ್ಷಮೆ ಕೋರಿ ಆರು ಪತ್ರಗಳನ್ನು ಅಂಚೆಗೆ ಹಾಕಿದರು. ಆ ಕಾಗದ ಬೆಂಕಿಗೆ ಹೋಗಲಿಲ್ಲ, ವಿಳಾಸಕ್ಕೆ ಹೋಯಿತು. ಇಂದಿನ ಸಮ್ಮೇಳನಗಳು ಆ ಪರಂಪರೆಯಿಂದ ಮೌನವನ್ನು ಎರವಲು ಪಡೆದು ಅಂಚೆಯನ್ನು ಕೈಬಿಟ್ಟಿವೆ.

ಸಾಲ ಕೊಡಬೇಕಾದವನಿಗೆ ಇಲ್ಲಿ ಸಾಂತ್ವನ ಸಿಕ್ಕಿತು. ಸಾಲ ಬರಬೇಕಾದವನಿಗೆ? ಮೂರನೆಯ ದಿನ, ಗುತ್ತಿಗೆ ಕೆಲಸದಲ್ಲಿರುವ ಯುವಕನೊಬ್ಬ ಎದ್ದುನಿಂತು, ಐದು ತಿಂಗಳಿನಿಂದ ತನಗೆ ಸಂಬಳ ಬಂದಿಲ್ಲ, ಕೇಳಿದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ, ಇದಕ್ಕೆ ಏನು ಮಾಡಬೇಕೆಂದು ಕೇಳಿದ. ಉತ್ತರವೇನು ಗೊತ್ತೇ? "ನಿಮ್ಮೊಳಗೆ ಇಷ್ಟು ಸಿಟ್ಟು ಏಕಿದೆ ಎಂದು ಮೊದಲು ನೋಡಿಕೊಳ್ಳಿ." ಸಭೆ ತಲೆದೂಗಿತು. ಯುವಕ ಕುಳಿತುಕೊಂಡ. ಕೊಡದವನು ಅತ್ತರೆ ಸಾಕು, ಸಿಗದವನು ಮಾತ್ರ ತನ್ನ ಸಿಟ್ಟಿಗೆ ಲೆಕ್ಕ ಕೊಡಬೇಕು. ಇಂತಹ ಆತ್ಮಾವಲೋಕನದಿಂದ ಯಾರಿಗೆ ಲಾಭವೆಂದು ತಿಳಿಯಲು ವೇದಿಕೆಯ ಹಿಂದಿನ ಪ್ರಾಯೋಜಕರ ಫಲಕಗಳತ್ತ ಒಮ್ಮೆ ನೋಡಿದರೆ ಸಾಕಿತ್ತು.

ಜಗತ್ತು ಬದಲಾಗಬೇಕಾದರೆ ಆ ಬದಲಾವಣೆ ನೀನೇ ಆಗು ಎಂಬ ಅರ್ಥದ ವಾಕ್ಯವೊಂದು ಗಾಂಧೀಜಿಯವರ ಚಿತ್ರದ ಕೆಳಗೆ ತೂಗುತ್ತಿತ್ತು. ಎಲ್ಲೆಡೆ ಅವರ ಹೆಸರಿನಲ್ಲಿ ಓಡಾಡುವ ಈ ಮಾತು ಅವರ ಬರಹಗಳಲ್ಲಿ ಆ ರೂಪದಲ್ಲಿ ಸಿಗುವುದಿಲ್ಲ. ಸಿಗುವುದು ಏನೆಂದರೆ, 1918ರ ಅಹಮದಾಬಾದ್. ಗಿರಣಿ ಕಾರ್ಮಿಕರು ಶೇಕಡಾ 35ರಷ್ಟು ಕೂಲಿ ಹೆಚ್ಚಳ ಕೇಳಿದಾಗ ಗಾಂಧೀಜಿ ಅವರ ಸಿಟ್ಟಿನ ಮೂಲವನ್ನು ಹುಡುಕಲಿಲ್ಲ. ಅವರ ಮುಷ್ಕರವನ್ನು ಮುನ್ನಡೆಸಿದರು, ಅವರಿಗಾಗಿ ಉಪವಾಸ ಕುಳಿತರು. ಗಿರಣಿ ಮಾಲಕರ ಮುಂದಾಳು ಅಂಬಾಲಾಲ್ ಸಾರಾಭಾಯಿಯವರ ಸ್ವಂತ ಸಹೋದರಿ ಅನಸೂಯಾ ಬೆನ್ ಕಾರ್ಮಿಕರ ಪರವಾಗಿ ನಿಂತರು. ಆತ್ಮಾವಲೋಕನ ಮಾಡಿಕೊಂಡವರು ನಿಲ್ಲಬೇಕಾದ ಜಾಗ ಅದು.

ಇನ್ನು ಆ ಇಂಜಿನಿಯರ್ ಯುವಕನ ಪ್ರಶ್ನೆ: ಅದು ಹೇಗೆ ಸಾಧ್ಯ? ದೇಶದ ಕಾನೂನೇ ಉತ್ತರ ಕೊಟ್ಟಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎಂದೊಡನೆ ನಮಗೆ ನೆನಪಾಗುವುದು ಪೊಲೀಸು ಮತ್ತು ಜೈಲು. ಅದರ 6ನೆಯ ಕಲಮನ್ನು ಓದಿದವರು ವಿರಳ. ವರದಕ್ಷಿಣೆಯನ್ನು ಬೇರೆ ಯಾರೇ ಪಡೆದಿದ್ದರೂ ಅದನ್ನು ಮೂರು ತಿಂಗಳೊಳಗೆ ಆ ಹೆಣ್ಣಿನ ಹೆಸರಿಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಅದು ಅವಳ ಒಳಿತಿಗಾಗಿ ಇಟ್ಟುಕೊಂಡ ಸೊತ್ತು ಮಾತ್ರ ಎನ್ನುತ್ತದೆ ಅದು. ನಮ್ಮ ಸಮುದಾಯದಲ್ಲಿ ವರದಕ್ಷಿಣೆ ವಿರೋಧಿ ಸಭೆಗಳಿಗೆ ಕೊರತೆಯಿಲ್ಲ. ಇನ್ನು ಮುಂದೆ ಪಡೆಯಲಾರೆವು ಎಂದು ಯುವಕರು ಕೈಯೆತ್ತಿ ಪ್ರತಿಜ್ಞೆ ಮಾಡುತ್ತಾರೆ. ಈಗಾಗಲೇ ಪಡೆದವರನ್ನು ಎಬ್ಬಿಸಿ ಕೇಳುವ ಸಭೆ ಎಲ್ಲಿದೆ? ಕೇಳಿದರೆ ಮುಂದಿನ ಸಾಲಿನ ಕುರ್ಚಿಗಳೇ ಖಾಲಿಯಾಗಬಹುದೆಂಬ ಭಯವೇ?

ಆ ಸಂಜೆ ನಮ್ಮ ಚೀಟಿಯೂ ಬೆಂಕಿಗೆ ಬಿದ್ದಿತ್ತು. ಅದರಲ್ಲಿ 'ಮುಂಗೋಪ' ಎಂದು ಬರೆದಿದ್ದೆವು. ಯಾರಿಗೂ ಏನನ್ನೂ ಕೊಡಬೇಕಾಗಿಲ್ಲದ, ಹೇಳಿಕೊಂಡರೆ ಒಂದಿಷ್ಟು ಗೌರವವನ್ನೇ ತರುವ ತಪ್ಪು ಅದು. ತಂದೆಯವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಪೇಟೆಯಲ್ಲಿರುವ ಅವರ ಅಂಗಡಿಯ ಬಾಡಿಗೆ ಪ್ರತಿ ತಿಂಗಳೂ ಗಂಡುಮಕ್ಕಳ ಕೈಗೆ ಬರುತ್ತಿದೆ. ಅದರಲ್ಲಿ ಅಕ್ಕನಿಗೆ ಕುರ್‌ಆನ್ ನಿಗದಿಪಡಿಸಿದ ಪಾಲಿದೆ. ಅವಳು ಕೇಳಿಲ್ಲ, ನಾವು ಕೊಟ್ಟಿಲ್ಲ. ಊರಿಗೆ ಮರಳಿದ ರಾತ್ರಿ ಲೆಕ್ಕ ಬರೆಯಲು ಕುಳಿತೆವು. ಮೊದಲ ಎರಡು ವರ್ಷಗಳ ರಶೀದಿ ಪುಸ್ತಕ ಸಿಗುತ್ತಿಲ್ಲ. ನಾಳೆ ಬಾಡಿಗೆದಾರರಲ್ಲಿ ವಿಚಾರಿಸಬೇಕಾಗಿದೆ.